‘ಕಬಾಲ್’ ಎಂಬ ಶಬ್ದದ ಹುಟ್ಟು ಮತ್ತು ಬೀದರಿನ ಮದರಸಾದಲ್ಲಿ ಅದರ ಬಳಗ

ಇಂಗ್ಲಿಷ್ ಪತ್ರಿಕೆಗಳ ರಾಜಕೀಯ ಬರಹಗಳಲ್ಲಿ ‘ಕಬಾಲ್’ ಎಂಬ ಶಬ್ದ ಆಗಾಗ ಕಾಣಿಸುತ್ತದೆ. ಅಧಿಕಾರವನ್ನು ಕೈವಶ ಮಾಡಿಕೊಳ್ಳಲು ಅಥವಾ ಅಧಿಕಾರದಲ್ಲಿರುವವರನ್ನು ಕೆಡವಲು ಗುಟ್ಟಾಗಿ ಸೇರಿ ಸಂಚು ಹೂಡುವ ಸಣ್ಣ ಗುಂಪನ್ನು ಅದು ಹೆಸರಿಸುತ್ತದೆ. ಅದೇ ಶಬ್ದದ ಮೂಲರೂಪವಾದ ‘ಕಬ್ಬಾಲಾ’ ಎಂಬುದು ಯಹೂದಿ ಅನುಭಾವಿಗಳು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಆಧ್ಯಾತ್ಮಿಕ ಪರಂಪರೆಯ ಹೆಸರು. ದೇವರ ಸ್ವರೂಪವನ್ನು ಧ್ಯಾನಿಸುವವರಿಗೂ ಅರಮನೆಯ ಮೂಲೆಯಲ್ಲಿ ಕುಳಿತು ಪಿತೂರಿ ನಡೆಸುವವರಿಗೂ ಒಂದೇ ಶಬ್ದ ಹೇಗೆ ಸಲ್ಲತೊಡಗಿತು ಎಂಬುದನ್ನು ಕಲಬುರಗಿ, ಬೀದರ, ಯಾದಗಿರಿಯ ಓದುಗರಿಗೆ ವಿವರಿಸಲು ವಿಶೇಷ ಕಾರಣವೊಂದಿದೆ. ಈ ಶಬ್ದ ಹುಟ್ಟಿದ ಧಾತುವಿನ ಬಳಗವೇ ನಮ್ಮ ಸೀಮೆಯ ಮಾತಿನಲ್ಲಿ ದಿನವೂ ಬಳಕೆಯಾಗುತ್ತಿದೆ, ಮತ್ತು ಆ ಬಳಗದ ಅತ್ಯಂತ ಸುಂದರವಾದ ಕುರುಹು ಬೀದರಿನ ಒಂದು ಕಟ್ಟಡದೊಂದಿಗೆ ಸೇರಿಕೊಂಡಿದೆ.

ಮೊದಲು ಮೂಲವನ್ನು ನೋಡೋಣ. ಹೀಬ್ರೂ ಮತ್ತು ಅರಬ್ಬಿ ಭಾಷೆಗಳು ಸೆಮಿಟಿಕ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಈ ಭಾಷೆಗಳಲ್ಲಿ ಬಹುತೇಕ ಶಬ್ದಗಳು ಮೂರು ವ್ಯಂಜನಗಳ ಒಂದು ಧಾತುವಿನ ಮೇಲೆ ನಿಲ್ಲುತ್ತವೆ. ಆ ವ್ಯಂಜನಗಳ ನಡುವೆ ಸ್ವರಗಳನ್ನು ಬದಲಿಸುತ್ತ, ಹಿಂದೆ ಮುಂದೆ ಪ್ರತ್ಯಯಗಳನ್ನು ಸೇರಿಸುತ್ತ ಹೊಸ ಶಬ್ದಗಳನ್ನು ಕಟ್ಟಲಾಗುತ್ತದೆ. ಕಬ್ಬಾಲಾ ಶಬ್ದದ ಧಾತು ಕ-ಬ-ಲ. ಹೀಬ್ರೂವಿನಲ್ಲಿ ‘ಕಿಬ್ಬೆಲ್’ ಎಂದರೆ ‘ಸ್ವೀಕರಿಸಿದನು’ ಎಂದರ್ಥ. ‘ಕಬ್ಬಾಲಾ’ ಎಂದರೆ ಸ್ವೀಕಾರ, ಅಥವಾ ಹಿರಿಯರಿಂದ ಸ್ವೀಕರಿಸಿದ್ದು. ಯಹೂದಿ ಧರ್ಮಜ್ಞರ ನೀತಿವಾಕ್ಯಗಳ ಒಂದು ಪ್ರಾಚೀನ ಸಂಗ್ರಹವು ಆರಂಭವಾಗುವುದೇ ಈ ಕ್ರಿಯಾಪದದಿಂದ: ಮೋಶೆಯು ಸೀನಾಯಿ ಬೆಟ್ಟದಲ್ಲಿ ತೋರಾ ಎಂಬ ಧರ್ಮಗ್ರಂಥವನ್ನು ಸ್ವೀಕರಿಸಿದನು, ಯೆಹೋಶುವನಿಗೆ ಒಪ್ಪಿಸಿದನು, ಯೆಹೋಶುವನು ಹಿರಿಯರಿಗೆ, ಹಿರಿಯರು ಪ್ರವಾದಿಗಳಿಗೆ ಒಪ್ಪಿಸಿದರು ಎಂದು ಅದು ಒಂದು ಸರಪಳಿಯನ್ನು ಹೇಳುತ್ತದೆ. ಇಲ್ಲಿ ಗುಟ್ಟು ಎಂಬ ಅರ್ಥದ ಸುಳಿವೂ ಇಲ್ಲ. ಆ ಕಾಲದಲ್ಲಿ ಕಬ್ಬಾಲಾ ಎಂದರೆ ಸಂಪ್ರದಾಯ ಅಷ್ಟೇ. ಪ್ರವಾದಿಗಳ ಗ್ರಂಥಗಳಿಗೂ ಆ ಹೆಸರು ಸಲ್ಲುತ್ತಿತ್ತು.

ಅನುಭಾವದ ವಿಶೇಷಾರ್ಥ ಈ ಶಬ್ದಕ್ಕೆ ಅಂಟಿಕೊಂಡದ್ದು 12ನೇ ಶತಮಾನದ ಕೊನೆಯಿಂದ 13ನೇ ಶತಮಾನದವರೆಗಿನ ಅವಧಿಯಲ್ಲಿ, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದಲ್ಲಿ ಮತ್ತು ಸ್ಪೇನಿನಲ್ಲಿ. ನಮ್ಮ ಕಲ್ಯಾಣದಲ್ಲಿ ಶರಣರ ವಚನಗಳು ಮೂಡಿದ ಶತಮಾನಕ್ಕೆ ಇದು ಹೊಂದಿಕೊಂಡ ಕಾಲ. ಸ್ಪೇನಿನ ಕ್ಯಾಸ್ಟೀಲ್ ಪ್ರಾಂತದಲ್ಲಿ 13ನೇ ಶತಮಾನದ ಕೊನೆಯ ಭಾಗದಲ್ಲಿ ‘ಜೋಹರ್’ ಎಂಬ ಬೃಹತ್ ಗ್ರಂಥ ಬೆಳಕಿಗೆ ಬಂದಿತು. ಅಂತ್ಯವಿಲ್ಲದ, ಹೆಸರಿಗೂ ರೂಪಕ್ಕೂ ನಿಲುಕದ ದೈವವನ್ನು ಈ ಪಂಥದವರು ‘ಎನ್ ಸೋಫ್’ ಎಂದು ಕರೆದರು. ಅದರಿಂದ ಹತ್ತು ‘ಸೆಫಿರೋತ್’ಗಳು, ಅಂದರೆ ದೈವೀ ಗುಣಗಳ ಹತ್ತು ಹೊಮ್ಮುಗೆಗಳು ಹೊರಟು ಜಗತ್ತನ್ನು ಧರಿಸಿವೆ ಎಂದು ವಿವರಿಸಿದರು. ಹೀಬ್ರೂ ಲಿಪಿಯ 22 ಅಕ್ಷರಗಳು ಕೇವಲ ಬರೆಯುವ ಗುರುತುಗಳಲ್ಲ, ಸೃಷ್ಟಿಯ ಸಾಧನಗಳು ಎಂಬುದು ಅವರ ನಂಬಿಕೆ. 1492ರಲ್ಲಿ ಸ್ಪೇನಿನಿಂದ ಯಹೂದಿಗಳನ್ನು ಹೊರಹಾಕಿದ ಬಳಿಕ ಈ ವಿದ್ಯೆಯ ದೊಡ್ಡ ಕೇಂದ್ರವೊಂದು ಪ್ಯಾಲೆಸ್ತೀನಿನ ಸಫೇದ್ ಪಟ್ಟಣದಲ್ಲಿ ಬೆಳೆಯಿತು. 1572ರಲ್ಲಿ ತೀರಿಕೊಂಡ ಐಸಾಕ್ ಲೂರಿಯಾ ಅಲ್ಲಿನ ಅತ್ಯಂತ ಪ್ರಭಾವಶಾಲಿ ಗುರು. ಶುಕ್ರವಾರದ ಸಂಜೆ, ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತನ್ನು ಸ್ವಾಗತಿಸುವ ಪ್ರಾರ್ಥನೆಯ ಕ್ರಮವನ್ನು ರೂಪಿಸಿದವರೂ ಸಫೇದಿನವರೇ. ಅದರ ಹೆಸರು ‘ಕಬ್ಬಲಾತ್ ಶಬ್ಬಾತ್’, ಎಂದರೆ ಸಬ್ಬತ್ತನ್ನು ಬರಮಾಡಿಕೊಳ್ಳುವುದು. ಇಂದಿನ ಇಸ್ರೇಲಿನಲ್ಲಿ ಅಂಗಡಿಯವನು ಹಣ ಪಡೆದು ಕೊಡುವ ರಸೀದಿಗೂ ‘ಕಬ್ಬಾಲಾ’ ಎಂದೇ ಹೆಸರು. ಧಾತುವಿನ ಮೂಲಾರ್ಥ ಇಷ್ಟು ನಿರ್ಮಲವಾಗಿ ಉಳಿದಿದೆ.

ಈಗ ನಮ್ಮ ಸೀಮೆಗೆ ಬರೋಣ. ಅರಬ್ಬಿಯಲ್ಲಿ ಇದೇ ಕ-ಬ-ಲ ಧಾತುವಿನಿಂದ ಹುಟ್ಟಿದ ‘ಕಬೂಲ್’ ಎಂಬ ಶಬ್ದ ಫಾರಸಿ ಮತ್ತು ಉರ್ದುವಿನ ಮೂಲಕ ಕನ್ನಡಕ್ಕೆ ಇಳಿದು ‘ಕಬೂಲು’ ಆಯಿತು. ಇಲ್ಲಿನ ಕಕಾರ ಗಂಟಲಿನ ಆಳದಿಂದ ಹೊರಡುವ ಅರಬ್ಬಿ ಧ್ವನಿ. ದಖನಿ ಉರ್ದು ಆಡುವವರು ಅದನ್ನು ಖಕಾರದಂತೆ ಉಚ್ಚರಿಸುವುದರಿಂದ ಕಲಬುರಗಿಯ ಓಣಿಗಳಲ್ಲಿ ‘ಖಬೂಲ್’ ಎಂಬ ರೂಪವೂ ಕೇಳಿಬರುತ್ತದೆ. ನಿಕಾಹದಲ್ಲಿ ವಧೂವರರು ‘ಕಬೂಲ್ ಹೈ’ ಎನ್ನುವಾಗ, ಒಂದು ಕಡೆಯವರ ಪ್ರಸ್ತಾಪವನ್ನು ಇನ್ನೊಂದು ಕಡೆಯವರು ಸ್ವೀಕರಿಸಿದರೆಂದು ಅರ್ಥ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಜಿಲ್ಲೆಗಳಲ್ಲಿ ಕಚೇರಿಯ ಭಾಷೆ ಉರ್ದುವಾಗಿದ್ದುದರಿಂದ ಇಂಥ ಶಬ್ದಗಳು ಕಾಗದಪತ್ರಗಳ ದಾರಿಯಿಂದಲೂ ಹಳ್ಳಿಗಳನ್ನು ಹೊಕ್ಕವು. ಸಾಗುವಳಿದಾರನು ಪಟ್ಟಾದ ಷರತ್ತುಗಳಿಗೆ ಒಪ್ಪಿ ಬರೆದುಕೊಡುವ ಪತ್ರಕ್ಕೆ ಕಬೂಲಿಯತ್ ಎಂಬ ಹೆಸರಿತ್ತು. ಮಕ್ಬೂಲ್ ಎಂದರೆ ಸ್ವೀಕೃತನಾದವನು, ಮೆಚ್ಚುಗೆ ಪಡೆದವನು. ಕಾಬಿಲ್ ಎಂದರೆ ಸ್ವೀಕಾರಾರ್ಹ, ಯೋಗ್ಯ. ಇಕ್ಬಾಲ್ ಎಂದರೆ ಎದುರಾಗಿ ಬರುವ ಭಾಗ್ಯ, ಏಳಿಗೆ. ಈ ಹೆಸರುಗಳನ್ನು ಹೊತ್ತವರು ನಮ್ಮ ಪ್ರತಿಯೊಂದು ಊರಿನಲ್ಲೂ ಇದ್ದಾರೆ.

ಇಕ್ಬಾಲ್ ಶಬ್ದದ ವಿವರಣೆಯಲ್ಲಿ ‘ಎದುರು’ ಎಂಬ ಭಾವ ಹೇಗೆ ಬಂದಿತೆಂದು ಓದುಗರು ಕೇಳಬಹುದು. ಧಾತುವಿನ ತಳದಲ್ಲಿರುವುದು ಆ ಭಾವವೇ. ಪ್ರಾರ್ಥನೆಯ ವೇಳೆ ಮುಖ ಮಾಡಬೇಕಾದ ದಿಕ್ಕು ‘ಕಿಬ್ಲಾ’. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯಲ್ಲಿ ದೊಡ್ಡ ಗುಮ್ಮಟ ಪಡುವಣ ತುದಿಯಲ್ಲಿರುವುದು ಆ ದಿಕ್ಕನ್ನು ಗುರುತಿಸಲಿಕ್ಕಾಗಿ. ಇಬ್ಬರು ಎದುರುಬದುರು ನಿಲ್ಲುವುದು ‘ಮುಕಾಬಲೆ’. ಕುಸ್ತಿಯ ಕಣದಲ್ಲಿ ಅದು ಸೆಣಸಾಟ. ಹಸ್ತಪ್ರತಿಗಳ ಲೋಕದಲ್ಲಿ ನಕಲನ್ನು ಮೂಲದ ಎದುರಿಗಿಟ್ಟು ಅಕ್ಷರ ಅಕ್ಷರ ಹೋಲಿಸಿ ತಿದ್ದುವ ಕೆಲಸ. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಗಣಿತಜ್ಞ ಅಲ್ ಖ್ವಾರಿಜ್ಮಿಯು ಸಮೀಕರಣದ ಎರಡೂ ಬದಿಗಳಲ್ಲಿರುವ ಸಮಾನ ಪದಗಳನ್ನು ಎದುರುಬದುರಾಗಿಸಿ ಕಳೆಯುವ ಕ್ರಮಕ್ಕೆ ಇದೇ ಹೆಸರನ್ನು ಕೊಟ್ಟನು. ಎದುರು ನಿಂತವನೇ ಸ್ವೀಕರಿಸಬಲ್ಲನು ಎಂಬುದು ಈ ಅರ್ಥವಿಸ್ತಾರದ ತರ್ಕ. ಕನ್ನಡಕ್ಕೆ ಈ ತರ್ಕ ಹೊಸದೇನಲ್ಲ: ಬೀಗರು ಬಂದಾಗ, ಜಂಗಮರು ಬಂದಾಗ ನಾವು ಅವರನ್ನು ‘ಎದುರುಗೊಳ್ಳುತ್ತೇವೆ’. ಹಳಗನ್ನಡದ ‘ಇದಿರ್ಗೊಳ್’ ಎಂಬುದೂ ಇದೇ. ಇದಿರು ಮತ್ತು ಕೊಳ್ ಎಂಬ ಎರಡು ಅಚ್ಚಗನ್ನಡ ಮಾತುಗಳು ಸೇರಿ, ಸೆಮಿಟಿಕ್ ಧಾತುವಿನೊಂದಿಗೆ ಯಾವ ರಕ್ತಸಂಬಂಧವೂ ಇಲ್ಲದೆ, ಅದೇ ಅರ್ಥಕ್ಕೆ ಬಂದು ತಲುಪಿವೆ.

ಬೀದರಿನ ಕುರುಹನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾಗಿ ಬೆಳೆದ ಮಹಮೂದ್ ಗವಾನನು ಬೀದರಿನಲ್ಲಿ ಕಟ್ಟಿಸಿದ ಮದರಸಾ ಪೂರ್ಣಗೊಂಡಾಗ ಆ ಕಾಲದ ಕವಿಯೊಬ್ಬನು ಫಾರಸಿಯಲ್ಲಿ ನಾಲ್ಕು ಸಾಲುಗಳನ್ನು ರಚಿಸಿದನು. ಈ ಉನ್ನತವಾದ, ಶ್ಲಾಘ್ಯವಾದ ಕಟ್ಟಡವು ನಿರ್ಮಲ ಹೃದಯದವರ ಕಿಬ್ಲಾ ಆಗಿದೆ. ಇದು ಕಬೂಲಾದುದರ ಗುರುತನ್ನು ನೋಡಿ, ಇದರ ವರ್ಷವು ‘ರಬ್ಬನಾ ತಕಬ್ಬಲ್ ಮಿನ್ನಾ’ ಎಂಬ ವಾಕ್ಯದಿಂದ ಹೊರಬಿದ್ದಿದೆ ಎಂಬುದು ಅದರ ಭಾವ. ಕೊನೆಯ ವಾಕ್ಯ ಕುರಾನಿನದು. ಕಾಬಾದ ಅಡಿಪಾಯವನ್ನು ಎತ್ತುವಾಗ ಇಬ್ರಾಹಿಂ ಮತ್ತು ಇಸ್ಮಾಯಿಲರು ಮಾಡಿದ ಪ್ರಾರ್ಥನೆ ಅದು: ‘ನಮ್ಮೊಡೆಯನೇ, ನಮ್ಮಿಂದ ಇದನ್ನು ಸ್ವೀಕರಿಸು.’ ಅರಬ್ಬಿ ಲಿಪಿಯ ಪ್ರತಿ ಅಕ್ಷರಕ್ಕೂ ಅಬ್ಜದ್ ಎಂಬ ಪದ್ಧತಿಯಲ್ಲಿ ಒಂದು ಸಂಖ್ಯೆ ಇದೆ. ರಬ್ಬನಾ ಎಂಬುದರಲ್ಲಿ ರ 200, ಬ 2, ನ 50, ಅಲಿಫ್ 1, ಒಟ್ಟು 253. ತಕಬ್ಬಲ್ ಎಂಬುದರಲ್ಲಿ ತ 400, ಕ 100, ಬ 2, ಲ 30, ಒಟ್ಟು 532. ಮಿನ್ನಾ ಎಂಬುದರಲ್ಲಿ ಮ 40, ನ 50, ಅಲಿಫ್ 1, ಒಟ್ಟು 91. ದ್ವಿತ್ವಗಳನ್ನು ಒಂದೇ ಅಕ್ಷರವೆಂದು ಎಣಿಸುವುದು ಕ್ರಮ. ಮೂರನ್ನೂ ಕೂಡಿದರೆ 876. ಹಿಜರಿ 876ನೇ ವರ್ಷವು ಕ್ರಿಸ್ತಶಕ 1471-72ಕ್ಕೆ ಸಮ. ಮದರಸಾದ ನಿರ್ಮಾಣದ ಕಾಲ ಅದೇ.

ನಾಲ್ಕೇ ಸಾಲುಗಳಲ್ಲಿ ಕಿಬ್ಲಾ, ಕಬೂಲ್, ತಕಬ್ಬಲ್ ಎಂದು ಒಂದೇ ಧಾತುವನ್ನು ಮೂರು ಬಾರಿ ನುಡಿಸಿರುವುದು ಕವಿಯ ಪ್ರಜ್ಞಾಪೂರ್ವಕ ಕೌಶಲ. ಅಕ್ಷರಗಳಿಗೆ ಸಂಖ್ಯೆ ಕೊಟ್ಟು ವಾಕ್ಯದೊಳಗಿನ ಅರ್ಥವನ್ನು ಹೊರಗೆಳೆಯುವ ಈ ಕಲೆಯೂ ಕಬ್ಬಾಲಾ ಪಂಥದವರಿಗೆ ಪ್ರಿಯವಾದದ್ದೇ. ಹೀಬ್ರೂವಿನಲ್ಲಿ ಅದಕ್ಕೆ ‘ಗೆಮಾಟ್ರಿಯಾ’ ಎಂಬ ಹೆಸರಿದೆ. ಸಫೇದಿನ ಗುರುಗಳಿಗೆ ಬೀದರಿನ ಈ ಪದ್ಯವನ್ನು ಓದಿಹೇಳಿದ್ದರೆ ಅದರ ಲೆಕ್ಕವೂ ಅದರ ಧಾತುವೂ ಅವರಿಗೆ ಕೂಡಲೇ ತಿಳಿಯುತ್ತಿದ್ದವು ಎಂದು ನಾನು ನಂಬುತ್ತೇನೆ.

ಮುಂದಕ್ಕೆ ಹೋಗುವ ಮೊದಲು, ಕಿವಿಗೆ ಹತ್ತಿರವೆನಿಸಿದರೂ ಈ ಬಳಗಕ್ಕೆ ಸೇರದ ಮಾತುಗಳನ್ನು ಬೇರ್ಪಡಿಸಬೇಕು. ಭೂಕಬಳಿಕೆ ಎಂಬಲ್ಲಿರುವ ‘ಕಬಳಿಸು’ ತುತ್ತು ಎಂಬ ಅರ್ಥದ ಸಂಸ್ಕೃತ ‘ಕಬಲ’ದಿಂದ ಬಂದದ್ದು. ಖ್ವಾಜಾ ಬಂದೇನವಾಜರ ದರ್ಗಾದಲ್ಲಿ ಕೇಳಿಬರುವ ಕವ್ವಾಲಿಯು ‘ಮಾತು’ ಎಂಬ ಅರ್ಥದ ಬೇರೊಂದು ಅರಬ್ಬಿ ಧಾತುವಿನದು. ಅಫ್ಘಾನಿಸ್ತಾನದ ಕಾಬೂಲ್ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ.

ಸ್ವೀಕಾರ ಎಂಬ ಶಬ್ದಕ್ಕೆ ಗುಟ್ಟಿನ ನೆರಳು ಬಿದ್ದದ್ದು ಬೋಧನೆಯ ವಿಧಾನದಿಂದ. ಯಹೂದಿ ಶಾಸ್ತ್ರಗಳ ಮೊದಲ ಸಂಗ್ರಹವಾದ ಮಿಶ್ನಾದಲ್ಲಿ ಒಂದು ಕಟ್ಟಳೆ ಇದೆ. ಸೃಷ್ಟಿಯ ರಹಸ್ಯವನ್ನು ಇಬ್ಬರ ಮುಂದೆ ವಿವರಿಸಬಾರದು, ಅಂದರೆ ಒಮ್ಮೆಗೆ ಒಬ್ಬನಿಗೆ ಮಾತ್ರ ಹೇಳಬೇಕು. ಪ್ರವಾದಿ ಎಜೆಕಿಯೇಲನು ಕಂಡ ದೈವೀ ರಥದ ದರ್ಶನವನ್ನಂತೂ, ಕೇಳುವವನು ಜ್ಞಾನಿಯಾಗಿದ್ದು ಸ್ವತಃ ಗ್ರಹಿಸಬಲ್ಲವನಾಗದ ಹೊರತು, ಒಬ್ಬನ ಮುಂದೆಯೂ ವಿವರಿಸಬಾರದು. ಇದರ ಹಿಂದಿರುವುದು ಅರೆಬರೆ ತಿಳಿವಳಿಕೆಯಿಂದ ಶಿಷ್ಯನು ದಾರಿ ತಪ್ಪದಿರಲಿ ಎಂಬ ಗುರುವಿನ ಹೊಣೆಗಾರಿಕೆ. ನಮ್ಮ ನೆಲದ ಪರಂಪರೆಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಇಲ್ಲಿಯೇ ದೇಹವಿಟ್ಟ ಬಂದೇನವಾಜರು ತಮ್ಮ ಉಪದೇಶವನ್ನು ಪಡೆದದ್ದು ದಿಲ್ಲಿಯ ನಸೀರುದ್ದೀನ್ ಚಿರಾಗರಿಂದ, ಅವರು ನಿಜಾಮುದ್ದೀನ್ ಔಲಿಯಾರಿಂದ. ಸೂಫಿಗಳು ಈ ಸರಪಳಿಯನ್ನು ‘ಸಿಲ್‌ಸಿಲಾ’ ಎನ್ನುತ್ತಾರೆ. ಲಿಂಗದೀಕ್ಷೆಯಲ್ಲಿಯೂ ಗುರುವು ಇಷ್ಟಲಿಂಗವನ್ನು ಶಿಷ್ಯನ ಅಂಗೈಗೆ ಕೊಟ್ಟು ಮಂತ್ರವನ್ನು ಕಿವಿಯಲ್ಲಿ ಹೇಳುತ್ತಾನೆ. ಎದುರು ಕುಳಿತು, ಕೈಯಿಂದ ಕೈಗೆ, ಬಾಯಿಂದ ಕಿವಿಗೆ ದಾಟುವ ವಿದ್ಯೆ ಹೊರಗಿನವರಿಗೆ ಕೇಳಿಸುವುದಿಲ್ಲ. ಕೇಳಿಸದಿರುವುದನ್ನು ಅಡಗಿಸಿಟ್ಟಿದ್ದಾರೆಂದು ಭಾವಿಸುವುದು ಮನುಷ್ಯನ ಹಳೆಯ ಅಭ್ಯಾಸ.

ಯುರೋಪಿನಲ್ಲಿ ನಡೆದದ್ದು ಇದೇ. 15ನೇ ಶತಮಾನದ ಕೊನೆಯಲ್ಲಿ ಇಟಲಿಯ ಪೀಕೊ ದೆಲ್ಲಾ ಮಿರಾಂದೊಲಾ, ಅವನ ಬಳಿಕ ಜರ್ಮನಿಯ ಯೋಹಾನ್ ರಾಯ್ಖ್ಲಿನ್ ಮುಂತಾದ ಕ್ರೈಸ್ತ ವಿದ್ವಾಂಸರು ಹೀಬ್ರೂ ಕಲಿತು ಕಬ್ಬಾಲಾದ ಗ್ರಂಥಗಳನ್ನು ಅಭ್ಯಾಸ ಮಾಡಿದರು. ಅವರ ಆಸಕ್ತಿ ಪ್ರಾಮಾಣಿಕವಾಗಿತ್ತು. ಯಹೂದಿ ಗ್ರಂಥಗಳನ್ನು ಸುಡಬೇಕೆಂಬ ಕೂಗೆದ್ದಾಗ ರಾಯ್ಖ್ಲಿನ್ ಅದನ್ನು ಬಹಿರಂಗವಾಗಿ ವಿರೋಧಿಸಿದನು. ಆದರೆ ಲ್ಯಾಟಿನ್ ಭಾಷೆಗೆ ‘ಕಬ್ಬಲಾ’ ಆಗಿ ದಾಟಿದ ಶಬ್ದವು ತನ್ನ ಸಮುದಾಯವನ್ನೂ ಪ್ರಾರ್ಥನೆಯನ್ನೂ ಹಿಂದೆ ಬಿಟ್ಟು ಬಂದಿತ್ತು. ಮಾಟ, ತಾಯಿತ, ಗೂಢಲಿಪಿಗಳನ್ನು ನಂಬಿದವರ ಬಾಯಲ್ಲಿ ಅದು ಯಾವುದೇ ಗುಪ್ತವಿದ್ಯೆಯ ಹೆಸರಾಯಿತು. ಫ್ರೆಂಚರು ಅದನ್ನು ‘ಕಬಾಲ್’ ಎಂದರು. 17ನೇ ಶತಮಾನದಲ್ಲಿ ಅರಮನೆಯ ಒಳಗುಂಪುಗಳಿಗೆ, ನಾಟಕವೊಂದನ್ನು ಸೋಲಿಸಲು ಮೊದಲೇ ಮಾತಾಡಿಕೊಂಡು ಬರುವ ಪ್ರೇಕ್ಷಕರ ತಂಡಗಳಿಗೆ ಅಲ್ಲಿ ಈ ಹೆಸರು ಸಲ್ಲುತ್ತಿತ್ತು. 1630ರ ಸುಮಾರಿಗೆ ಫ್ರಾನ್ಸಿನಲ್ಲಿ ಹುಟ್ಟಿದ, ತನ್ನ ಸದಸ್ಯತ್ವವನ್ನು ಗುಟ್ಟಾಗಿಟ್ಟ ಒಂದು ಕ್ಯಾಥೊಲಿಕ್ ಭಕ್ತಮಂಡಳಿಯನ್ನು ಅದರ ವಿರೋಧಿಗಳು ‘ಭಕ್ತರ ಕಬಾಲ್’ ಎಂದು ಕರೆದರು. ಅನುಭಾವ ಮತ್ತು ಸಂಚು ಎಂಬ ಎರಡೂ ಅರ್ಥಗಳು ಒಂದೇ ಉಸಿರಿನಲ್ಲಿ ಸಂಧಿಸಿದ ಪ್ರಯೋಗವಿದು.

ಇಂಗ್ಲಿಷಿಗೆ ಶಬ್ದ ಬಂದದ್ದು ಫ್ರೆಂಚಿನಿಂದ, 17ನೇ ಶತಮಾನದ ಮೊದಲರ್ಧದಲ್ಲಿ. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಯ ಐವರು ಮಂತ್ರಿಗಳಾದ ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಇವರ ಮೊದಲಕ್ಷರಗಳಿಂದ ಶಬ್ದ ಹುಟ್ಟಿತೆಂಬ ಕತೆಯನ್ನು ಈಗಲೂ ಅನೇಕರು ಹೇಳುತ್ತಾರೆ. ಅದು ತಪ್ಪು. ಆ ಐವರು ಪ್ರಬಲರಾಗಿದ್ದದ್ದು 1668ರಿಂದ 1674ರವರೆಗೆ. ಶಬ್ದ ಅದಕ್ಕಿಂತ ದಶಕಗಳ ಮೊದಲೇ ಬಳಕೆಯಲ್ಲಿತ್ತು. ಅಕ್ಷರಗಳು ಆಕಸ್ಮಿಕವಾಗಿ ಹೊಂದಿಕೊಂಡದ್ದರಿಂದ ಜನ ಆ ಹೆಸರನ್ನು ಅವರಿಗೆ ಅಂಟಿಸಿದರು, ಮತ್ತು ಅದರಿಂದಾಗಿ ಕೆಟ್ಟ ಅರ್ಥವೇ ಇಂಗ್ಲಿಷಿನಲ್ಲಿ ಗಟ್ಟಿಯಾಯಿತು. ಆ ಐವರು ಒಮ್ಮತದ ಗುಂಪೂ ಆಗಿರಲಿಲ್ಲ. 1670ರಲ್ಲಿ ದೊರೆಯು ಫ್ರಾನ್ಸಿನೊಂದಿಗೆ ಮಾಡಿಕೊಂಡ ರಹಸ್ಯ ಒಪ್ಪಂದದ ನಿಜವಾದ ಷರತ್ತುಗಳು ಅವರಲ್ಲಿ ಕ್ಲಿಫರ್ಡ್ ಮತ್ತು ಆರ್ಲಿಂಗ್ಟನ್ ಇಬ್ಬರಿಗೆ ಮಾತ್ರ ತಿಳಿದಿದ್ದವು.

ಈ ಅರ್ಥಪಲ್ಲಟವನ್ನು ಭಾಷೆಯ ಸಹಜ ಚಲನೆಯೆಂದು ಮಾತ್ರ ನೋಡಿದರೆ ವಿವರಣೆ ಅಪೂರ್ಣವಾಗುತ್ತದೆ. ಯಹೂದಿಗಳು ಗುಟ್ಟಾಗಿ ಸೇರಿ ಕೇಡು ಬಗೆಯುತ್ತಾರೆ ಎಂಬ ಅಪವಾದ ಯುರೋಪಿನಲ್ಲಿ ಮಧ್ಯಯುಗದಿಂದಲೂ ಇತ್ತು. ಅವರ ಅತ್ಯಂತ ಅಂತರಂಗದ ವಿದ್ಯೆಯ ಹೆಸರು ಸಂಚಿನ ಹೆಸರಾಗಿ ಒಗ್ಗಿದ್ದಕ್ಕೆ ಆ ಅಪವಾದವೂ ಹದವಾದ ನೆಲವನ್ನು ಒದಗಿಸಿತು ಎಂಬುದು ನನ್ನ ತೀರ್ಮಾನ. ಅದೇ ಅಪವಾದ 1903ರಲ್ಲಿ ರಷ್ಯಾದಲ್ಲಿ ಖೋಟಾ ದಾಖಲೆಯಾಗಿ ಅಚ್ಚಾಯಿತು. ಜಗತ್ತನ್ನು ಆಳಲು ಯಹೂದಿ ಹಿರಿಯರು ನಡೆಸಿದ ರಹಸ್ಯ ಸಭೆಯ ನಡಾವಳಿ ಎಂದು ಅದು ತನ್ನನ್ನು ಹೇಳಿಕೊಂಡಿತು. ಬೇರೆ ಬರಹಗಳಿಂದ ನಕಲು ಮಾಡಿ ಕಟ್ಟಿದ್ದು ಎಂದು 1921ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಸಾಲು ಸಾಲು ಹೋಲಿಸಿ ತೋರಿಸಿದ ಮೇಲೂ ಅದನ್ನು ನಂಬುವವರು ಉಳಿದರು, ಮತ್ತು ಆ ನಂಬಿಕೆಯ ಫಲ ಮುಂದಿನ ಎರಡು ದಶಕಗಳಲ್ಲಿ ಭೀಕರವಾಗಿತ್ತು.

ಖೋಟಾ ಕಾಗದವೊಂದು ನಿರಪರಾಧಿಯ ತಲೆ ತೆಗೆಸಿದ ಉದಾಹರಣೆ ನಮ್ಮ ಚರಿತ್ರೆಯಲ್ಲೂ ಇದೆ. ಬಹಮನಿ ಆಸ್ಥಾನದಲ್ಲಿ ದಖನಿಗಳು ಮತ್ತು ಹೊರನಾಡಿನಿಂದ ಬಂದ ಆಫಾಕಿಗಳು ಎಂಬ ಎರಡು ಪಕ್ಷಗಳಿದ್ದವು. ಗವಾನನ ಏಳಿಗೆಯನ್ನು ಸಹಿಸದ ಕೆಲವು ಸರದಾರರು ಅವನ ಮೊಹರು ಕಾಯುತ್ತಿದ್ದ ಸೇವಕನನ್ನು ಮದ್ಯದಿಂದ ಮರುಳು ಮಾಡಿ ಖಾಲಿ ಕಾಗದದ ಮೇಲೆ ಮೊಹರು ಹಾಕಿಸಿಕೊಂಡರು. ಒಡಿಶಾದ ಅರಸನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರ ಮೇಲೆ ಬರೆದು ಮೂರನೇ ಮುಹಮ್ಮದ್ ಶಹಾನಿಗೆ ತೋರಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಿಸದೆ ಆಜ್ಞೆ ಮಾಡಿದನು. 1481ರ ಏಪ್ರಿಲ್ 5ರಂದು ಗವಾನನ ವಧೆಯಾಯಿತು. ಮರುವರ್ಷ ಸುಲ್ತಾನನೂ ತೀರಿಕೊಂಡನು, ರಾಜ್ಯ ಹೋಳಾಗತೊಡಗಿತು. ಇಂಗ್ಲಿಷಿನಲ್ಲಿ ‘ಕಬಾಲ್’ ಎಂದು ನಿಖರವಾಗಿ ಹೆಸರಿಸಬಹುದಾದ ಗುಂಪು ಇದೇ, ಆ ಶಬ್ದ ಇಂಗ್ಲಿಷಿಗೆ ಬರುವುದಕ್ಕೂ ಒಂದು ಶತಮಾನಕ್ಕೂ ಹೆಚ್ಚು ಮೊದಲು.

ಕನ್ನಡದಲ್ಲಿ ಇಂಥ ಅರ್ಥಪಲ್ಲಟಗಳು ಇಲ್ಲವೆಂದಲ್ಲ. ‘ತಂತ್ರ’ ಎಂಬುದು ಚಾಚು, ಹರಡು ಎಂಬ ಅರ್ಥದ ಧಾತುವಿನಿಂದ ಬಂದು ಮೊದಲು ಮಗ್ಗದ ಹಾಸನ್ನು ಸೂಚಿಸಿತು. ಅಲ್ಲಿಂದ ಶಾಸ್ತ್ರದ ಚೌಕಟ್ಟಾಯಿತು, ಶೈವ ಶಾಕ್ತ ಸಾಧಕರ ಗೂಢಮಾರ್ಗದ ಹೆಸರಾಯಿತು, ರಾಜನೀತಿಯ ಉಪಾಯವಾಯಿತು, ಕೊನೆಗೆ ‘ಕುತಂತ್ರ’ದಲ್ಲಿ ನಿಂತಿತು. ಕಲ್ಯಾಣ ಚಾಲುಕ್ಯರ ಎರಡನೇ ಜಯಸಿಂಹನ ಕಾಲದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರ ಸುಮಾರಿಗೆ ಕನ್ನಡಕ್ಕೆ ತಂದ ಪಂಚತಂತ್ರದ ಪ್ರಕರಣಗಳಲ್ಲಿ ಭೇದವೂ ವಂಚನೆಯೂ ಸೇರಿವೆ. ಆದರೂ ಅಲ್ಲಿನ ತಂತ್ರ ವಿವೇಕದ ಪಾಠವೇ ಹೊರತು ಕೇಡಿನ ಹೆಸರಲ್ಲ. ‘ಮಂತ್ರ’ವೂ ಹಾಗೆಯೇ: ಧ್ಯಾನದ ಅಕ್ಷರವೂ ಅದೇ, ಅರಸನ ಗುಪ್ತಾಲೋಚನೆಯೂ ಅದೇ, ಮಂತ್ರಿ ಎಂಬ ಪದವಿ ಬಂದದ್ದೂ ಅದರಿಂದಲೇ. ಅರಬ್ಬಿಯಲ್ಲಿ ಜನಹಿತ, ಒಳಿತು ಎಂಬ ಅರ್ಥವುಳ್ಳ ‘ಮಸ್ಲಹತ್’ ನಮ್ಮಲ್ಲಿ ‘ಮಸಲತ್ತು’ ಆಗಿ ಒಳಸಂಚಿನ ಹೆಸರಾದದ್ದು ಇವೆಲ್ಲಕ್ಕಿಂತ ಹೆಚ್ಚು ಖೇದಕರ. ಪಿತೂರಿಗೆ ಮಾತ್ರ ಇಂಥ ಪತನದ ಕತೆ ಇಲ್ಲ. ಗದ್ದಲ, ಕೇಡು ಎಂಬ ಅರ್ಥದಲ್ಲಿಯೇ ಅದು ಇತ್ತ ಬಂದಿತು.

ಹೀಗಿರುವುದರಿಂದ ಕನ್ನಡದಲ್ಲಿ ಬರೆಯುವವರು ಇಂಗ್ಲಿಷಿನ ‘ಕಬಾಲ್’ ಎದುರಾದಾಗ ಅದನ್ನು ಹಾಗೆಯೇ ಎತ್ತಿಕೊಳ್ಳುವ ಅಗತ್ಯವಿಲ್ಲ. ಸಂದರ್ಭಕ್ಕೆ ತಕ್ಕಂತೆ ಒಳಕೂಟ, ಪಿತೂರಿಗಾರರ ಗುಂಪು, ಮಸಲತ್ತಿನ ಕೂಟ ಎಂದು ಬರೆದರೆ ಅರ್ಥ ಪೂರ್ಣವಾಗಿ ಬರುತ್ತದೆ. ಯಹೂದಿ ಪರಂಪರೆಯನ್ನು ಹೇಳುವಾಗ ‘ಕಬ್ಬಾಲಾ’ ಎಂಬ ರೂಪವನ್ನೇ ಉಳಿಸಿಕೊಂಡು, ಮೊದಲ ಬಾರಿ ಬಳಸುವಾಗ ‘ಗುರುಪರಂಪರೆಯಿಂದ ಸ್ವೀಕರಿಸಿದ ಅನುಭಾವವಿದ್ಯೆ’ ಎಂದು ವಿವರಿಸುವುದು ಉಚಿತ. ಕಬೂಲು ಎಂಬ ಮಾತನ್ನು ಬಲ್ಲ ನಮ್ಮ ಕಡೆಯ ಓದುಗರಿಗೆ ಆ ವಿವರಣೆಯೂ ಅಷ್ಟಾಗಿ ಬೇಕಾಗದು.